ಹದಿನಾರನೆಯ ಜಾಗ

ನಮ್ಮನೆಯವರಿಗೂ ನನ್ನ ಮೈದುನನಿಗೂ ಇದ್ದದ್ದು ಒಂದೇ ಒಂದು ಜಾಗದ ಅಂತರ. ಮೈದುನ ಹದಿನಾರನೆಯವನು, ಇವರು ಹದಿನೇಳನೆಯವರು. ಕೇಳಿದವರು "ಓ, ಅಷ್ಟೇ ತಾನೆ" ಅನ್ನುತ್ತಾರೆ. ಹಾಗೆ ಅಂದವರನ್ನು ನನ್ನ ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು ಇಡೀ ಮಧ್ಯಾಹ್ನ ಬುದ್ಧಿ ಹೇಳುವಷ್ಟು ಸಿಟ್ಟು ನನ್ನಲ್ಲಿತ್ತು, ಈಗಲೂ ಸ್ವಲ್ಪ ಉಳಿದಿದೆ.

ಇಬ್ಬರೂ ಸ್ನೂಕರ್ ಆಟಗಾರರು. ಹವ್ಯಾಸಕ್ಕಲ್ಲ, ಆಡುವುದೇ ನೌಕರಿ. ನಮ್ಮನೆಯವರನ್ನು ಒಂದು ವಿಮಾ ಕಂಪನಿ ಆಟಕ್ಕೆಂದೇ ಇಟ್ಟುಕೊಂಡಿತ್ತು. ವೇಸ್ಟ್‌ಕೋಟಿನ ಎದೆಯ ಮೇಲೆ ಕಂಪನಿಯ ಬಿಲ್ಲೆ ಹಚ್ಚಿಕೊಂಡು ಊರೂರು ತಿರುಗಿ ಆಡಬೇಕು. ಆ ಬಿಲ್ಲೆಯನ್ನು ಹೊಲಿದವಳು ನಾನು. ವೇಸ್ಟ್‌ಕೋಟು ಹೊಲಿದವಳೂ ನಾನೇ. ಮೈದುನನ ವೇಸ್ಟ್‌ಕೋಟನ್ನೂ ನಾನೇ ಹೊಲಿದು ಕೊಟ್ಟಿದ್ದೇನೆ, ಅದೂ ನಮ್ಮನೆಯವರದಕ್ಕಿಂತ ಒಳ್ಳೆಯ ಬಟ್ಟೆಯಲ್ಲಿ. ಯಾಕೆಂದರೆ ಬಟ್ಟೆ ತಂದುಕೊಟ್ಟವಳು ನನ್ನ ವಾರಗಿತ್ತಿ. ಅವಳು ಏನು ತಂದರೂ ಒಂದು ಕೈ ಮೇಲಿನದನ್ನೇ ತರುತ್ತಾಳೆ.

ಮಾವನವರು ಎರಡು ಟೇಬಲ್ಲಿನ ಒಂದು ಸ್ನೂಕರ್ ಹಾಲ್ ನಡೆಸುತ್ತಿದ್ದರಂತೆ. ಕೆಳಗೆ ಹಾಲ್, ಮೇಲೆ ಮನೆ. ನಮ್ಮನೆಯವರು ಶಾಲೆಯಿಂದ ಬಂದವರೇ ಟೇಬಲ್ಲಿನ ಹಸಿರು ಬಟ್ಟೆಯನ್ನು ಒಂದೇ ದಿಕ್ಕಿಗೆ ಬ್ರಷ್ ಮಾಡಿ, ಇಸ್ತ್ರಿ ಎಳೆದು, ಆಮೇಲೆ ಕ್ಯೂ ಕೋಲು ಮುಟ್ಟುತ್ತಿದ್ದರು. ತಮ್ಮನನ್ನು ಸೋಡಾ ಬಾಟಲಿಯ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಎಡಗೈ ಬೆರಳುಗಳನ್ನು ಹೇಗೆ ಹರಡಬೇಕು, ಗಲ್ಲ ಎಲ್ಲಿ ಇರಬೇಕು ಅಂತ ಕಲಿಸಿದವರು ಇವರೇ. ಇದನ್ನು ಮೈದುನ ಎಲ್ಲರೆದುರೂ ಹೇಳಿಕೊಳ್ಳುತ್ತಾನೆ. ಹೇಳಿಕೊಳ್ಳದೆ ಇದ್ದಿದ್ದರೆ ಬೈಯಲು ನನಗೆ ಅನುಕೂಲವಾಗುತ್ತಿತ್ತು.

ನಮ್ಮನೆಯವರು ಸಾಧು ಮನುಷ್ಯ ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಗಲ್ಲದ ಮಧ್ಯೆ ಕ್ಯೂ ಉಜ್ಜಿ ಉಜ್ಜಿ ಒಂದು ಗೆರೆ ಬಿದ್ದಿದೆ. ಪ್ಯಾಂಟಿನ ಜೇಬಿನಲ್ಲಿ ಕ್ಯೂ ತುದಿಗೆ ಹಚ್ಚುವ ನೀಲಿ ಚಾಕಿನ ತುಂಡು ಮರೆತು ಒಗೆಯಲು ಹಾಕುತ್ತಾರೆ, ತಿಂಗಳಿಗೊಮ್ಮೆ ನಮ್ಮ ಮನೆಯ ಬಿಳಿ ಬಟ್ಟೆಗಳೆಲ್ಲ ತಿಳಿನೀಲಿ. ಸೋತು ಬಂದರೆ ಬಾಗಿಲಲ್ಲೇ ಚಪ್ಪಲಿ ಜೋಡಿಸಿಟ್ಟು, "ಟೀ ಇದೆಯಾ" ಅನ್ನುತ್ತಾರೆ. ಗೆದ್ದು ಬಂದರೂ ಅದನ್ನೇ ಅನ್ನುತ್ತಾರೆ. ನಮ್ಮತ್ತೆಯಂತೂ, "ಇವನು ಗೆದ್ನೋ ಸೋತ್ನೋ ಅಂತ ನಿನ್ನ ಮುಖ ನೋಡಿ ತಿಳ್ಕೋಬೇಕಮ್ಮ" ಅನ್ನುತ್ತಿದ್ದರು.

ನನ್ನ ಮುಖ ಊದಿರುತ್ತಿತ್ತು. ಇರದೆ ಇನ್ನೇನು? ಆ ಒಂದು ಜಾಗದ ಕಥೆ ಹೇಳುತ್ತೇನೆ, ನೀವೇ ನೋಡಿ.

ವರ್ಷಕ್ಕೊಂದು ದೊಡ್ಡ ಪಂದ್ಯಾವಳಿ. ಆಡುವವರು ಮೂವತ್ತೆರಡು ಜನ. ಅದರಲ್ಲಿ ಸಂಘದ ಅಂಕಪಟ್ಟಿಯ ಮೊದಲ ಹದಿನಾರು ಸ್ಥಾನದವರ ಹೆಸರು ಹಲಗೆಯ ಮೇಲೆ ಮೊದಲೇ ಬರೆದಿರುತ್ತದೆ. ಅವರವರಲ್ಲಿ ಮೊದಲ ಸುತ್ತಿನಲ್ಲಿ ಆಟವಿಲ್ಲ, ದೊಡ್ಡವರು ದೊಡ್ಡವರನ್ನು ಬೇಗ ಕೆಡವಿಕೊಳ್ಳಬಾರದಂತೆ. ಉಳಿದ ಹದಿನಾರು ಜನ ಚೀಲದಲ್ಲಿ. ಒಬ್ಬರು ಕೈ ಹಾಕಿ ಒಂದೊಂದೇ ಚೀಟಿ ತೆಗೆದು, ಮೇಲಿನವರಿಗೆ ಒಬ್ಬೊಬ್ಬರನ್ನು ಹಂಚುತ್ತಾರೆ, ಅದಕ್ಕೆ ಡ್ರಾ ಅನ್ನುತ್ತಾರೆ. ಅಂದರೆ ಹದಿನಾರನೆಯವನಿಗೆ ಮೊದಲ ಸುತ್ತಿನಲ್ಲಿ ಸಿಗುವುದು ತನಗಿಂತ ಕೆಳಗಿನವನು. ಹದಿನೇಳನೆಯವನಿಗೆ ಸಿಗುವುದು ತನಗಿಂತ ಮೇಲಿನವನು, ಎಷ್ಟು ಮೇಲಿನವನು ಅನ್ನುವುದು ಚೀಲದ ದಯೆ. ಆಟದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲದ ಇಬ್ಬರಲ್ಲಿ ಒಬ್ಬ ಹಲಗೆಯ ಮೇಲೆ, ಇನ್ನೊಬ್ಬ ಚೀಲದೊಳಗೆ.

ಪ್ರತಿ ವರ್ಷ ಮೈದುನ ಯಾವನೋ ಬಡಪಾಯಿಯನ್ನು ಸೋಲಿಸಿ, ಎರಡನೆಯ ಸುತ್ತಿನಲ್ಲಿ ಚಾಂಪಿಯನ್ ಕೈಲಿ ಸೋಲುತ್ತಿದ್ದ. ಹದಿನಾರನೆಯವನಿಗೆ ಎರಡನೆಯ ಸುತ್ತಿನಲ್ಲಿ ಎದುರಾಗುವುದು ಒಂದನೆಯವನೇ ಅನ್ನುವುದು ಲೆಕ್ಕ. ಆದರೂ ಆ ಒಂದು ಗೆಲುವಿನ ಅಂಕ ಸಾಕು, ಮತ್ತೆ ಅವನೇ ಹದಿನಾರನೆಯವನು. ನಮ್ಮನೆಯವರಿಗೆ ಒಂದು ವರ್ಷ ಮೂರನೆಯವನು ಸಿಕ್ಕ, ಮರುವರ್ಷ ಎರಡನೆಯವನು, ಅದರ ಮರುವರ್ಷ ಸಾಕ್ಷಾತ್ ಚಾಂಪಿಯನ್ನೇ. ಮೂರು ಸಲವೂ ಚೆನ್ನಾಗಿ ಆಡಿ ಮೊದಲ ಸುತ್ತಿನಲ್ಲೇ ಸೋತರು, ಮತ್ತೆ ಹದಿನೇಳು. ಕುರ್ಚಿ ಹಿಡಿದವನಿಗೆ ಕುರ್ಚಿ, ನಿಂತವನಿಗೆ ನಿಲ್ಲುವುದು.

ವಾರಗಿತ್ತಿ ನಗುಮುಖದವಳು. ಅವಳು ನಗುವುದಕ್ಕೆ ಕಾರಣ ಬೇಕಿಲ್ಲ, ನನ್ನ ಮೈ ಉರಿಯುವುದಕ್ಕೂ ಬೇಕಿರಲಿಲ್ಲ. "ಈ ಸಲವೂ ಭಾವನಿಗೆ ಡ್ರಾ ಕೈಕೊಡ್ತಲ್ಲ ಅಕ್ಕ" ಅಂತ ಅವಳು ಮನಸಾರೆ ನೊಂದುಕೊಂಡು ಹೇಳುತ್ತಿದ್ದಳು. ಅವಳ ಆ ಮರುಕಕ್ಕೆ ಬೆಂಕಿ ಬೀಳಲಿ ಅನ್ನಿಸುತ್ತಿತ್ತು ನನಗೆ. ಮನೆಗೆ ಬಂದು ಪಾತ್ರೆ ಕುಕ್ಕಿ ಕುಕ್ಕಿ ಇಡುತ್ತಾ ಬಾಯಿಗೆ ಬಂದಂತೆ ಬೈಯುತ್ತಿದ್ದೆ. "ನಿಮ್ಮ ತಮ್ಮನ ಜಾಗದಲ್ಲಿ ನೀವಿದ್ದಿದ್ರೆ ಇಷ್ಟೊತ್ತಿಗೆ ಎಲ್ಲಿರ್ತಿದ್ರಿ ಗೊತ್ತಾ" ಅನ್ನುತ್ತಿದ್ದೆ. ಅವರು ಟೀ ಕುಡಿಯುತ್ತಾ, "ಹೋಗ್ಲಿ ಬಿಡು, ಅವನೂ ನಮ್ಮೋನೇ ಅಲ್ವಾ" ಅನ್ನುತ್ತಿದ್ದರು. ಈ ಮನುಷ್ಯನ ಮೈಯಲ್ಲಿ ರಕ್ತ ಹರಿಯುತ್ತಿದೆಯೋ ನೀರು ಹರಿಯುತ್ತಿದೆಯೋ ಅಂತ ನಾನು ಮತ್ತೊಂದು ಪಾತ್ರೆ ಕುಕ್ಕುತ್ತಿದ್ದೆ.

ಆ ವರ್ಷ ಕಂಪನಿಗೆ ಹೊಸ ಮ್ಯಾನೇಜರ್ ಬಂದರು. ನಮ್ಮನೆಯವರನ್ನು ಕರೆಸಿ, ಮೂರು ವರ್ಷದಿಂದ ಮೊದಲ ಸುತ್ತು ದಾಟಿಲ್ಲ, ಈ ಸಲವೂ ದಾಟದಿದ್ದರೆ ಆಟಕ್ಕೆಂದು ಕೊಟ್ಟ ರಜೆ ರದ್ದು, ಪಂದ್ಯಾವಳಿ ಮುಗಿದ ಸೋಮವಾರದಿಂದ ಕೌಂಟರಿನಲ್ಲಿ ಕೂರಬೇಕು ಅಂದರಂತೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಪಾಲಿಸಿ ಕಾಗದಕ್ಕೆ ಮುದ್ರೆ ಒತ್ತುತ್ತಾ ಕುಳಿತವನು ಎಲ್ಲಿ ಅಭ್ಯಾಸ ಮಾಡುತ್ತಾನೆ, ಯಾವ ಊರಿಗೆ ಹೋಗಿ ಆಡುತ್ತಾನೆ? ನಲವತ್ತು ದಾಟಿದ ಮೇಲೆ ಒಮ್ಮೆ ಬಿಟ್ಟರೆ ಬಿಟ್ಟ ಹಾಗೆಯೇ. ಒಂದು ಪಂದ್ಯ ಗೆಲ್ಲಬೇಕಿತ್ತು, ಒಂದೇ ಒಂದು. ಅದನ್ನೂ ಅವರು ಟೀ ಕೇಳುವ ದನಿಯಲ್ಲೇ ಹೇಳಿದರು.

ಅದಾದ ಮೇಲೆ ನಡೆದ ಒಂದು ಸಣ್ಣ ಪಂದ್ಯಾವಳಿಗೆ ಮೈದುನ ಹೋಗಲಿಲ್ಲ. ಮಣಿಕಟ್ಟು ನೋವು ಅಂದ. ಅಲ್ಲಿ ನಮ್ಮನೆಯವರು ಎರಡು ಪಂದ್ಯ ಗೆದ್ದರು. ಹೊಸ ಪಟ್ಟಿ ಬಂತು ನೋಡಿ, ಇವರು ಹದಿನಾರು, ಅವನು ಹದಿನೇಳು. ನಾನು ಆ ದಿನ ಹೊಲಿಗೆಗೆ ಬಂದವರಿಗೆಲ್ಲ ಬಿಸ್ಕತ್ತು ಕೊಟ್ಟೆ. ಮೈದುನನ ಮಣಿಕಟ್ಟಿನ ಬಗ್ಗೆ ವಿಚಾರಿಸಲು ಫೋನು ಮಾಡಬೇಕು ಅಂತ ಅನ್ನಿಸಿತು. ಮಾಡಲಿಲ್ಲ.

ಚೀಟಿ ಎತ್ತುವ ದಿನ ಸಂಘದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಎರಡನೆಯ ಸಾಲಿನಲ್ಲಿ ನಾನೂ ವಾರಗಿತ್ತಿಯೂ ಅಕ್ಕಪಕ್ಕ ಕೂತಿದ್ದೆವು. ಕಾರ್ಯದರ್ಶಿ ಚೀಲ ಅಲುಗಾಡಿಸಿದರು. ಮೊದಲು ಒಂದನೆಯವನಿಗೆ, ಅಂದರೆ ಚಾಂಪಿಯನ್ನಿಗೆ ಚೀಟಿ ತೆಗೆದರು. ಮೈದುನನ ಹೆಸರು ಬಂತು. ಅಷ್ಟು ವರ್ಷ ಉರಿದ ನನ್ನ ಹೊಟ್ಟೆಗೆ ಯಾರೋ ತಣ್ಣೀರು ಸುರಿದ ಹಾಗಾಯಿತು, ಅಷ್ಟು ಸಂತೋಷ. ವಾರಗಿತ್ತಿಯ ಕೈ ಹಿಡಿದುಕೊಂಡು, "ಛೇ, ಡ್ರಾ ಕೈಕೊಡ್ತಲ್ಲೇ" ಅಂದೆ. ಅವಳು ನಕ್ಕಳು. ಆ ನಗು ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಪುರುಸೊತ್ತೂ ಇರಲಿಲ್ಲ. ಕೊನೆಗೆ ಹದಿನಾರನೆಯವರಿಗೆ ಅಂತ ತೆಗೆದ ಚೀಟಿಯಲ್ಲಿ ಮೇಷ್ಟ್ರ ಹೆಸರಿತ್ತು.

ಮೇಷ್ಟ್ರು ಅಂದರೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ದಪ್ಪ ಕನ್ನಡಕ. ಅರ್ಹತಾ ಸುತ್ತಿನಲ್ಲಿ ಹೇಗೋ ತೂರಿಕೊಂಡು ಮೂವತ್ತೆರಡರೊಳಗೆ ಬಂದಿದ್ದರು. ಚೀಲದಲ್ಲಿದ್ದ ಹದಿನಾರು ಹೆಸರುಗಳಲ್ಲಿ ಕೈಯಾರೆ ಆರಿಸು ಅಂದಿದ್ದರೂ ನಾನು ಅದನ್ನೇ ಆರಿಸುತ್ತಿದ್ದೆ.

ನಾವು ತಪ್ಪು ಮಾಡಿದ್ದು ಅಲ್ಲೇ. ಕೆಟ್ಟ ಡ್ರಾ ಬಂದಾಗ ಯಾರೂ ಮೊದಲ ಸುತ್ತಿನಿಂದಾಚೆ ನೋಡುವುದಿಲ್ಲ. ಒಳ್ಳೆಯ ಡ್ರಾ ಬಂದರೆ ಮನೆಮಂದಿಯೆಲ್ಲ ಪೆನ್ಸಿಲ್ ಹಿಡಿದು ಕೂರುತ್ತಾರೆ. ನಾವೂ ಕೂತೆವು. ಮೇಷ್ಟ್ರನ್ನು ಮೊದಲೇ ದಾಟಿಬಿಟ್ಟೆವು. ಎರಡನೆಯ ಸುತ್ತಿಗೆ ಚಾಂಪಿಯನ್ ಅಂತ ಬರೆದೆವು, ಮೈದುನನನ್ನು ನಾನೇ ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಚಾಂಪಿಯನ್‌ನನ್ನು ಕಟ್ಟಿಹಾಕುವುದು ಹೇಗೆ ಅಂತ ನಮ್ಮನೆಯವರು ಎರಡು ವಾರ ಅಭ್ಯಾಸ ಮಾಡಿದರು. ಅವನು ಬಿಟ್ಟುಕೊಡುವ ಚೆಂಡುಗಳು ಎಂಥವು, ಅವನಿಗೆ ಯಾವ ಮೂಲೆ ಕಷ್ಟ, ಎಲ್ಲ ಬಾಯಿಪಾಠ. ಮೇಷ್ಟ್ರು ಹೇಗೆ ಆಡುತ್ತಾರೆ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಕೇಳಬೇಕು ಅಂತಲೂ ಹೊಳೆಯಲಿಲ್ಲ.

ಪಂದ್ಯದ ದಿನ ಒಂದೇ ಹಾಲಿನಲ್ಲಿ ಎರಡು ಟೇಬಲ್, ನಡುವೆ ಬಟ್ಟೆಯ ಪರದೆ. ಈ ಕಡೆ ಇವರು ಮತ್ತು ಮೇಷ್ಟ್ರು, ಆ ಕಡೆ ಮೈದುನ ಮತ್ತು ಚಾಂಪಿಯನ್. ಮೊದಲು ಐದು ಫ್ರೇಮ್, ಅಂದರೆ ಐದು ಬಿಡಿ ಆಟ, ಗೆದ್ದವರು ಮುಂದಿನ ಸುತ್ತಿಗೆ. ನಮ್ಮನೆಯವರದು ಚುರುಕಿನ ಆಟ. ನೋಡಿದ, ಬಗ್ಗಿದ, ಹೊಡೆದ ಅನ್ನುವಂಥದ್ದು. ಮೊದಲೆರಡು ಫ್ರೇಮ್ ನೀರು ಕುಡಿದಷ್ಟು ಸಲೀಸಾಗಿ ಗೆದ್ದರು. ಮ್ಯಾನೇಜರ್ ಮುಖಕ್ಕೆ ಹೊಡೆದ ಹಾಗೆ ಆಗುತ್ತದೆ ಅಂತ ನಾನು ಮನಸ್ಸಿನಲ್ಲೇ ಕುಣಿದೆ.

ಮೂರನೆಯ ಫ್ರೇಮಿನಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಟೇಬಲ್ಲಿನ ಸುತ್ತ ಒಂದು ಸುತ್ತು ಬಂದರು. ಕ್ಯೂ ತುದಿಗೆ ಚಾಕ್ ಹಚ್ಚಿದರು. ಬಗ್ಗಿದರು, ಎದ್ದರು, ಮತ್ತೆ ಕನ್ನಡಕ ಒರೆಸಿದರು. ಅಷ್ಟೆಲ್ಲ ಮಾಡಿ ಹೊಡೆದದ್ದು ಕೈಗೆಟುಕುವ ಒಂದು ಕೆಂಪು ಚೆಂಡು. ಪ್ರತಿ ಹೊಡೆತಕ್ಕೂ ಇದೇ ಪೂಜೆ. ನೋಡುವವರೇ ಆಕಳಿಸಿದರು. ನಮ್ಮನೆಯವರು ಕುರ್ಚಿಯಲ್ಲಿ ಕೂತು ಅವರ ಕನ್ನಡಕವನ್ನೇ ನೋಡುತ್ತಿದ್ದರು. ತಮ್ಮ ಸರದಿ ಬಂದಾಗ ಅವರೂ ಟೇಬಲ್ಲಿನ ಸುತ್ತ ಒಂದು ಸುತ್ತು ಬಂದರು. ಜನ್ಮದಲ್ಲಿ ಹಾಗೆ ಮಾಡಿದವರಲ್ಲ. ಕ್ಯೂ ಹಿಡಿದ ಕೈ ಬಿಗಿಯಾದದ್ದು ನನಗೆ ಕೂತಲ್ಲಿಂದಲೇ ಕಂಡಿತು. ಮೂರು ವರ್ಷ ದೊಡ್ಡವರೆದುರು ಆಡಿದಾಗ ಕಳೆದುಕೊಳ್ಳಲು ಏನೂ ಇರಲಿಲ್ಲ, ಕೈ ಬೀಸಿ ಆಡಿದ್ದರು. ಈಗ ಗೆಲ್ಲಲೇಬೇಕಾದ ಪಂದ್ಯ, ಗೆಲ್ಲುತ್ತಾರೆ ಅಂತ ಎಲ್ಲರೂ ಅಂದುಕೊಂಡ ಪಂದ್ಯ. ಅದೇ ಅವರ ಕೈ ಹಿಡಿದು ಜಗ್ಗುತ್ತಿತ್ತು.

ಪರದೆಯ ಆ ಕಡೆ ಚಪ್ಪಾಳೆ ಬೀಳುತ್ತಲೇ ಇತ್ತು. ಬಿದ್ದಾಗಲೆಲ್ಲ ನಮ್ಮನೆಯವರು ತಲೆಯೆತ್ತಿ ಪರದೆಯತ್ತ ನೋಡುತ್ತಿದ್ದರು. ಚಾಂಪಿಯನ್ನಿಗೆ ಬೀಳುವ ಚಪ್ಪಾಳೆ ಅಂತ ನಾನು ಸಮಾಧಾನ ಮಾಡಿಕೊಂಡೆ. ಅವರಿಗೆ ಮಾತ್ರ ಅದಕ್ಕೆ ಮೊದಲು ಕೇಳಿದ್ದು ತಮ್ಮನ ಹೊಡೆತದ ಸದ್ದು ಅಂತ ತಿಳಿಯುತ್ತಿತ್ತು, ಕಲಿಸಿದವರಲ್ಲವೇ.

ಎರಡು ಫ್ರೇಮ್ ಮುಂದಿದ್ದವರು ಆಮೇಲೆ ಒಂದನ್ನೂ ಗೆಲ್ಲಲಿಲ್ಲ. ಐದಕ್ಕೆ ಎರಡು. ಮೇಷ್ಟ್ರು ಕೈಕುಲುಕಿ, ಮತ್ತೆ ಕನ್ನಡಕ ಒರೆಸಿಕೊಂಡರು. ಅದೇ ಹೊತ್ತಿಗೆ ಪರದೆಯ ಆಚೆ ಜನ ಎದ್ದು ನಿಂತ ಗದ್ದಲ. ನನ್ನ ಮೈದುನ ಚಾಂಪಿಯನ್‌ನನ್ನು ಸೋಲಿಸಿದ್ದ. ಆ ಕೆಟ್ಟ ಡ್ರಾದಲ್ಲಿ, ನಮ್ಮನೆಯವರ ಹಳೆಯ ಜಾಗದಲ್ಲಿ ನಿಂತು ಸೋಲಿಸಿದ್ದ. ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಅಷ್ಟು ವರ್ಷ ಬೈಯಲು ನನಗೊಂದು ಚೀಲ ಇತ್ತು, ಅದನ್ನೂ ಕಿತ್ತುಕೊಂಡ.

ಕೈತೊಳೆಯುವ ನಲ್ಲಿಯ ಹತ್ತಿರ ವಾರಗಿತ್ತಿ ನನ್ನನ್ನು ಹಿಡಿದುಕೊಂಡು ಅತ್ತಳು. ಗೆದ್ದವನ ಹೆಂಡತಿ ಅಳುವುದೇಕೆ ಅಂತ ನನಗೆ ಇನ್ನೂ ಸಿಟ್ಟು ಬಂತು.

"ಅಕ್ಕ, ಇವರ ಮಣಿಕಟ್ಟಿಗೆ ಏನೂ ಆಗಿರ್ಲಿಲ್ಲ," ಅಂದಳು. "ಭಾವನ ರಜೆ ಉಳೀಲಿ, ಒಂದ್ಸಲ ಈ ಜಾಗದಲ್ಲಿ ಅವರು ಆಡ್ಲಿ ಅಂತ ಬೇಕಂತ್ಲೇ ಆ ಪಂದ್ಯಕ್ಕೆ ಹೋಗ್ಲಿಲ್ಲ. ಯಾರಿಗೂ ಹೇಳ್ಬೇಡ ಅಂದಿದ್ರು. ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತಕ್ಕ."

"ಹೇಳ್ಬೇಡ ಅಂದಮೇಲೆ ಯಾಕೆ ಹೇಳ್ದೆ?" ಅಂದೆ.

"ನನ್ನ ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ಲಿಲ್ಲ."

ಒಳ್ಳೆಯತನದಲ್ಲೂ ಇವರೇ ಮುಂದೆ. ನಾವು ಸೋತಿದ್ದಲ್ಲದೆ, ಭಿಕ್ಷೆಗೆ ಸಿಕ್ಕ ಜಾಗದಲ್ಲಿ ಸೋತೆವು. ಅವಳನ್ನು ನೂಕಿ ಬರಬೇಕು ಅನ್ನಿಸಿತು. ಸೆರಗಿನಿಂದ ಅವಳ ಮುಖ ಒರೆಸಿ ಬಂದೆ.

ಬಸ್ಸಿನಲ್ಲಿ ನಮ್ಮನೆಯವರು ಕ್ಯೂ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಅವರೇ ಮಾತು ತೆಗೆದರು. "ಮೊದಲೆರಡು ಫ್ರೇಮು ನನ್ನ ವೇಗದಲ್ಲಿ ಆಡ್ದೆ, ಗೆದ್ದೆ. ಆಮೇಲೆ ಮೇಷ್ಟ್ರ ವೇಗಕ್ಕೆ ಇಳ್ದೆ. ಅವರಷ್ಟು ನಿಧಾನಕ್ಕೆ ಆಡೋಕೆ ಹೋದೋನು ಯಾರೂ ಉಳಿಯಲ್ಲ. ಅವರ ಕಡೆ ನೋಡ್ಲೇಬಾರ್ದಿತ್ತು." ನಾನು ಹೂಂ ಅಂದೆ. ಮಣಿಕಟ್ಟಿನ ವಿಷಯ ಎತ್ತಲಿಲ್ಲ.

ಸಂಜೆ ಟೀ ಸೋಸುತ್ತಿದ್ದಾಗ ಫೋನು ಬಂತು. ಮೈದುನ. ಚಾಂಪಿಯನ್ ಹೊರಗೆ ಹೋಗಿದ್ದರಿಂದ ಮಾರನೆಯ ದಿನ ಎರಡನೆಯ ಸುತ್ತಿನಲ್ಲಿ ಅವನಿಗೆ ಎದುರು ಮೇಷ್ಟ್ರು. ಫೋನು ಸ್ಪೀಕರಿನಲ್ಲಿ ಮೇಜಿನ ಮೇಲಿತ್ತು, ಅವನ ಮಾತು ನನಗೂ ಕೇಳುತ್ತಿತ್ತು.

"ಅಣ್ಣ, ಬೇಜಾರ್ ಮಾಡ್ಕೋಬೇಡ. ಇಂಥ ಹೊತ್ತಲ್ಲಿ ಕೇಳ್ಬಾರ್ದು. ಆದ್ರೆ ನಾನು ಅವರ ಜೊತೆ ಆಡೇ ಇಲ್ಲ. ಹೇಗೆ ಆಡ್ಲಿ ಹೇಳು."

ನಮ್ಮನೆಯವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅದೇ ತಣ್ಣನೆಯ ದನಿಯಲ್ಲಿ, "ಆತುರ ಪಡ್ಬೇಡ ಕಣೋ. ಅವರು ಎಷ್ಟು ನಿಧಾನವೋ ನೀನೂ ಅಷ್ಟೇ ನಿಧಾನಕ್ಕೆ ಆಡು. ಒಂದೊಂದು ಹೊಡೆತಕ್ಕೂ ಹೊತ್ತು ತಗೋ. ಅವರನ್ನೇ ನೋಡ್ತಾ ಇರು" ಅಂದರು.

"ಸರಿ ಅಣ್ಣ. ನೀನು ಹೇಳಿದ ಹಾಗೇ ಆಡ್ತೀನಿ," ಅಂತ ಅವನು ಫೋನಿಟ್ಟ.

ಟೀ ಸೋಸುವ ಜಾಲರಿ ನನ್ನ ಕೈಯಲ್ಲೇ ಉಳಿಯಿತು. ಮದುವೆಯಾದಾಗಿನಿಂದ ಈ ಮನೆಯಲ್ಲಿ ಹೊಟ್ಟೆಕಿಚ್ಚಿನ ಕೆಲಸವೆಲ್ಲ ನನ್ನೊಬ್ಬಳದೇ ಅಂದುಕೊಂಡಿದ್ದೆ. ನಾನು ಬೈದೆ, ಶಪಿಸಿದೆ, ಪಾತ್ರೆ ಕುಕ್ಕಿದೆ. ಯಾರ ಕೂದಲೂ ಕೊಂಕಲಿಲ್ಲ. ಈ ಸಾಧು ಮನುಷ್ಯ ಒಂದು ದನಿ ಏರಿಸದೆ ತಮ್ಮನನ್ನು ಹಳ್ಳಕ್ಕೆ ಕಳಿಸಿದರು.

"ಬಸ್ಸಲ್ಲಿ ಬೇರೆ ಥರ ಹೇಳಿದ್ರಿ," ಅಂದೆ.

ಅವರು ಫೋನನ್ನು ಮೇಜಿನ ಅಂಚಿಗೆ ನೇರವಾಗಿ ಜೋಡಿಸಿಟ್ಟರು.

"ರೀ, ಅವನ ಮಣಿಕಟ್ಟಿಗೆ ಏನೂ ಆಗಿರ್ಲಿಲ್ಲ. ನಿಮಗೋಸ್ಕರ ಜಾಗ ಬಿಟ್ಟುಕೊಟ್ಟ."

"ಗೊತ್ತು," ಅಂದರು. "ಅವನು ಮಣಿಕಟ್ಟು ಅಂದ ದಿನವೇ ಗೊತ್ತಾಯ್ತು. ಸುಳ್ಳು ಹೇಳೋವಾಗ ಅವನು ಎಡಗೈ ತೋರಿಸ್ದ. ಕ್ಯೂ ಬೀಸೋದು ಬಲಗೈಲಿ, ಎಡಗೈ ಬರೀ ಟೇಬಲ್ ಮೇಲೆ ಊರೋದು. ಗೊತ್ತಿದ್ದೂ ತಗೊಂಡೆ, ತಗೊಂಡೂ ಸೋತೆ. ಅದಕ್ಕೇ ಹಾಗೆ ಹೇಳ್ದೆ."

ನಾನು ಫೋನು ಎತ್ತಿಕೊಂಡು ಅವರೆದುರೇ ವಾರಗಿತ್ತಿಯ ನಂಬರ್ ಒತ್ತಿದೆ. ಅವರು ನೋಡುತ್ತಾ ಕೂತಿದ್ದರು, ತಡೆಯಲಿಲ್ಲ.

"ನಿನ್ನ ಗಂಡನಿಗೆ ಕೊಡೇ," ಅಂದೆ. ಮೈದುನ ಬಂದ ಮೇಲೆ, "ನೋಡಪ್ಪ, ನಿಮ್ಮಣ್ಣ ಸೋತ ಸುಸ್ತಲ್ಲಿ ಎಲ್ಲ ತಿರುಗಾಮುರುಗಾ ಹೇಳಿದಾರೆ. ಮೇಷ್ಟ್ರ ಕಡೆ ನೋಡ್ಲೇಬೇಡ. ಅವರು ಕನ್ನಡಕ ಒರೆಸಿದ್ರೆ ನೀನು ಗೋಡೆ ನೋಡ್ತಾ ಕೂತ್ಕೋ. ನಿನ್ನ ಸರದಿ ಬಂದ್ರೆ ಎದ್ದು ಹೊಡಿ, ನಿನ್ನ ವೇಗ ಬಿಡಬೇಡ" ಅಂದೆ.

"ಅಣ್ಣ ನಿಧಾನಕ್ಕೆ ಅಂದ್ನಲ್ಲ ಅತ್ತಿಗೆ?"

"ಹೇಳಿದ್ನಲ್ಲ, ಸುಸ್ತು."

"ಪಕ್ಕದಲ್ಲೇ ಇದಾನಾ?"

"ಇದಾರೆ."

"ಆಯ್ತು ಅತ್ತಿಗೆ," ಅಂದ. ಇನ್ನೇನೂ ಕೇಳಲಿಲ್ಲ.

ಫೋನಿಟ್ಟು ಆರಿದ ಟೀಯನ್ನು ಮತ್ತೆ ಬಿಸಿಗಿಟ್ಟೆ. ಸೋಮವಾರಕ್ಕೆ ಕೌಂಟರಿಗೆ ಹಾಕಿಕೊಳ್ಳಲು ಅವರಿಗೆ ನೆಟ್ಟಗಿನ ಅಂಗಿ ಎರಡೂ ಇರಲಿಲ್ಲ, ಇದ್ದ ಬಿಳಿಯದೆಲ್ಲ ನೀಲಿಯಾಗಿತ್ತು. ನಾಳೆ ಬಟ್ಟೆ ತಂದು ಹೊಲಿಯಬೇಕು ಅಂದುಕೊಂಡೆ. ಹಿಂದಿನಿಂದ ಅವರ ದನಿ ಬಂತು.

"ಈಗ ಅವನು ಗೆಲ್ತಾನೆ."

"ಗೆಲ್ಲಲಿ," ಅಂದೆ.

"ಹೊಟ್ಟೆ ಉರೀತಿದೆ ಕಣೇ," ಅಂದರು. ಅಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಹೇಳಿದವರೇ ಮುಖ ಮುಚ್ಚಿಕೊಂಡರು.

ಒಲೆ ಆರಿಸಿ ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. "ನನಗೇನು ಕಮ್ಮಿ ಉರೀತಿದೆಯಾ," ಅಂದೆ.